ಹತ್ತಿ ಗೋಡೌನಿನಲ್ಲಿ ಒಂದು ಪೋಸ್ಟ್-ಹಾರ್ಡ್‌ಕೋರ್ ಬ್ಯಾಂಡ್: ನನ್ನ ಅನುಭವ

ನಮ್ಮ ಬ್ಯಾಂಡ್ ಹುಬ್ಬಳ್ಳಿಯಲ್ಲಿ 2014ರ ಮಳೆಗಾಲದಲ್ಲಿ ಶುರುವಾಯಿತು, 2016ರ ಬೇಸಿಗೆಗೆ ಮುಗಿಯಿತು. ನಾವು ನಾಲ್ಕು ಜನ. ಎರಡು ಗಿಟಾರ್, ಒಂದು ಬೇಸ್, ಒಂದು ಡ್ರಮ್ಸ್. ನಾನು ಗಿಟಾರ್ ನುಡಿಸುತ್ತಾ ಒದರುತ್ತಿದ್ದೆ. ನಮ್ಮ ಊರಲ್ಲಿ ಈ ಸಂಗೀತ ಮಾಡಲು ಏನೇನು ಬೇಕಾಯಿತು, ಹೇಗೆ ಮಾಡಿದೆವು ಅಂತ ಬರೆದಿಡಬೇಕು ಅನ್ನಿಸಿದೆ.

ಪೋಸ್ಟ್-ಹಾರ್ಡ್‌ಕೋರ್ ಅಂದರೆ ಏನು ಅಂತ ಕೇಳುವವರಿಗೆ ನಾನು ಅಮೆರಿಕದ ರಾಜಧಾನಿ ವಾಷಿಂಗ್ಟನ್ ಕಥೆ ಹೇಳುತ್ತೇನೆ. 1980ರ ಹೊತ್ತಿಗೆ ಅಲ್ಲಿನ ಹುಡುಗರು ಪಂಕ್ ಅನ್ನುವ ಒರಟು ರಾಕ್ ಸಂಗೀತವನ್ನು ಇನ್ನೂ ಜೋರು, ಇನ್ನೂ ಚಿಕ್ಕದು ಮಾಡಿದರು. ಅದು ಹಾರ್ಡ್‌ಕೋರ್. ಸ್ವಲ್ಪ ವರ್ಷಕ್ಕೆ ಅದೇ ಹುಡುಗರಿಗೆ ಬರೀ ವೇಗ ಸಾಲದಾಯಿತು. ಅದೇ ಜೋರಿಗೆ ಮೆಲ್ಲಗಿನ ಭಾಗ, ಏರಿಳಿತ ಸೇರಿಸಿದರು. ಅದು ಪೋಸ್ಟ್-ಹಾರ್ಡ್‌ಕೋರ್. 1984ರಲ್ಲಿ ರೈಟ್ಸ್ ಆಫ್ ಸ್ಪ್ರಿಂಗ್ ಅನ್ನುವ ಬ್ಯಾಂಡ್ ಹುಟ್ಟಿತು. 1985ರಲ್ಲಿ ಒಂದೇ ಒಂದು ಆಲ್ಬಮ್. 1986ಕ್ಕೆ ಬ್ಯಾಂಡೇ ಇಲ್ಲ. ಆ ಆಲ್ಬಮ್ ರೆಕಾರ್ಡ್ ಆದದ್ದು ಇನ್ನರ್ ಇಯರ್ ಅನ್ನುವ ಸ್ಟುಡಿಯೋದಲ್ಲಿ. ಆಗ ಅದು ಡಾನ್ ಜಿಯೆಂಟಾರಾ ಅನ್ನುವವರ ಮನೆಯ ನೆಲಮಾಳಿಗೆ, ಅಷ್ಟೇ. ಆ ಬ್ಯಾಂಡಿನ ಗೈ ಪಿಚೊಟ್ಟೊ, ಬ್ರೆಂಡನ್ ಕ್ಯಾಂಟಿ ಮುಂದೆ ಫುಗಾಜಿ ಅನ್ನುವ ಬ್ಯಾಂಡ್ ಸೇರಿದರು. ಫುಗಾಜಿ ಸಾಮಾನ್ಯವಾಗಿ 5 ಡಾಲರ್ ಟಿಕೆಟ್ ಇಟ್ಟು, ಎಲ್ಲ ವಯಸ್ಸಿನವರನ್ನೂ ಒಳಗೆ ಬಿಟ್ಟು ಶೋ ಮಾಡುತ್ತಿತ್ತು. ದೊಡ್ಡ ಸ್ಟುಡಿಯೋ, ದೊಡ್ಡ ಕಂಪನಿ ಯಾವುದಕ್ಕೂ ಕಾಯಬೇಕಿಲ್ಲ ಅನ್ನುವ ಧೈರ್ಯ ನಮಗೆ ಬಂದದ್ದು ಇವರಿಂದ.

ಜಾಗ ಸಿಕ್ಕಿದ್ದು ಬೇಸಿಸ್ಟ್‌ನ ಸೋದರಮಾವನ ಹಳೇ ಹತ್ತಿ ಗೋಡೌನಿನಲ್ಲಿ. ಮೇಲೆ ತಗಡು, ಕೆಳಗೆ ಕಡಪಾ ಕಲ್ಲು. ಸ್ನೇರ್ (ಚುರುಕು ಸದ್ದಿನ ಚಿಕ್ಕ ಡ್ರಮ್) ಒಂದು ಪೆಟ್ಟು ಹೊಡೆದರೆ ನಾಲ್ಕು ಕಡೆಯಿಂದ ವಾಪಸ್ ಬರುತ್ತಿತ್ತು. ನಮ್ಮ ನಮ್ಮ ಮನೆಯಿಂದ ಹಳೇ ಕೌದಿ ತಂದು ಗೋಡೆಗೆ ಹಗ್ಗ ಕಟ್ಟಿ ಇಳಿಬಿಟ್ಟೆವು. ಡ್ರಮ್ಸ್ ಜೊತೆಗಿನ ಲೋಹದ ತಟ್ಟೆ, ಅಂದರೆ ಸಿಂಬಲ್, ಅದರ ಸದ್ದು ತಕ್ಷಣ ಹದಕ್ಕೆ ಬಂತು. ಆದರೆ ಕೌದಿ ಬೇಸ್ ಅನ್ನು, ಅಂದರೆ ತಗ್ಗಿನ ದಪ್ಪ ಸದ್ದನ್ನು, ತಡೆಯುವುದಿಲ್ಲ. ಬೇಸ್ ಹೋಗಿ ಮೂಲೆಯಲ್ಲಿ ಕೂರುತ್ತದೆ. ಅದಕ್ಕೆ ಉಳಿದಿದ್ದ ಹತ್ತಿ ಚೀಲಗಳನ್ನೇ ನಾಲ್ಕೂ ಮೂಲೆಯಲ್ಲಿ ನೆಲದಿಂದ ಆಳೆತ್ತರಕ್ಕೆ ಪೇರಿಸಿದೆವು. ದುಡ್ಡು ಕೊಟ್ಟು ತರುವ ಫೋಮ್‌ಗಿಂತ ಇದು ನಮಗೆ ಚೆನ್ನಾಗಿ ಕೆಲಸ ಮಾಡಿತು.

ಅದಕ್ಕಿಂತ ಮುಖ್ಯವಾದದ್ದು ಅರ್ಥಿಂಗ್. ಒಂದು ಕೈ ಗಿಟಾರ್ ತಂತಿ ಮೇಲೆ ಇಟ್ಟು ಮೈಕಿಗೆ ತುಟಿ ತಾಗಿಸಿದರೆ ಚುರ್ ಅನ್ನುತ್ತಿತ್ತು. ಆಂಪ್‌ನಲ್ಲಿ (ಗಿಟಾರ್ ಸದ್ದು ಜೋರು ಮಾಡುವ ಪೆಟ್ಟಿಗೆ) ಸದಾ ಗುಂಯ್ ಅನ್ನುವ ಸದ್ದು. ವೈರ್‌ಮನ್ ಬಂದು ಮೀಟರ್ ಇಟ್ಟು ನೋಡಿದರು, ಬೋರ್ಡಿನಲ್ಲಿ ಅರ್ಥ್ ಹೆಸರಿಗೆ ಮಾತ್ರ ಇತ್ತು. ಹಿಂದಿನ ಅಂಗಳದಲ್ಲಿ ಗುಂಡಿ ತೋಡಿಸಿ, ಪೈಪ್ ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿ ನೀರು ಹಾಕಿಸಿದರು. ಅವತ್ತಿನಿಂದ ಶಾಕ್ ಇಲ್ಲ, ಗುಂಯ್ ಕೂಡ ಮುಕ್ಕಾಲು ಪಾಲು ಹೋಯಿತು. ಬ್ಯಾಂಡ್ ಕಟ್ಟುವವರು ಗಿಟಾರ್ ಸದ್ದು ಬದಲಿಸುವ ಪೆಡಲ್ ಕೊಳ್ಳುವ ಮೊದಲು ಇದಕ್ಕೆ ಖರ್ಚು ಮಾಡಬೇಕು. ಇದು ಜೀವದ ಪ್ರಶ್ನೆ.

ಈಗ ಸಂಗೀತಕ್ಕೆ ಬರುತ್ತೇನೆ. ಗಿಟಾರಿನ ದಪ್ಪ ತಂತಿಯನ್ನು ಇ ಸ್ವರದಿಂದ ಡಿಗೆ ಇಳಿಸುತ್ತಿದ್ದೆವು. ಆಗ ದಪ್ಪನೆಯ ಮೂರು ತಂತಿಗೆ ಒಂದೇ ಬೆರಳು ಸಾಕು, ಕೈ ಬೇಗ ಓಡುತ್ತದೆ. ಇದನ್ನು ಎಲ್ಲರೂ ಮಾಡುತ್ತಾರೆ. ನಮ್ಮದೇ ಅನ್ನುವಂಥದ್ದು ಬಂದದ್ದು ಡ್ರಮ್ಮರ್‌ನಿಂದ. ಅವನು ಚಿಕ್ಕಂದಿನಲ್ಲಿ ಧಾರವಾಡದಲ್ಲಿ ತಬಲಾ ಕಲಿತವನು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ ಹಾಡಿದ ಊರುಗಳಲ್ಲಿ ಬೆಳೆದವರಿಗೆ ತಾಳ ಲೆಕ್ಕ ಹಾಕುವುದು ಹೊಸತೇನಲ್ಲ ಅಲ್ವಾ.

ಅವನು ರೂಪಕ್ ತಾಳವನ್ನು ಡ್ರಮ್ಸ್ ಮೇಲೆ ಕೂರಿಸಿದ. ಏಳು ಮಾತ್ರೆ: ತೀಂ ತೀಂ ನಾ, ಧೀ ನಾ, ಧೀ ನಾ. ಈ ತಾಳದಲ್ಲಿ ಸಮ್, ಅಂದರೆ ಮೊದಲ ಮಾತ್ರೆ, ಬೀಳುವ ಕಡೆಯೇ ಖಾಲಿ. ಮೊದಲ ಮೂರು ಮಾತ್ರೆಯಲ್ಲಿ ಡಗ್ಗಾದ (ತಬಲಾ ಜೋಡಿಯ ದಪ್ಪ ಸದ್ದಿನದು) ಗುಂ ಅನ್ನುವ ಸದ್ದು ಇರುವುದಿಲ್ಲ. ಡಗ್ಗಾ ಕೆಲಸವನ್ನು ಅವನು ಕಾಲಿನಿಂದ ಬಾರಿಸುವ ಕಿಕ್ ಡ್ರಮ್‌ಗೆ ಕೊಟ್ಟ. ಹಾಗಾಗಿ ಕಿಕ್ ಬೀಳುವುದು ನಾಲ್ಕನೇ ಮತ್ತು ಆರನೇ ಮಾತ್ರೆಗೆ ಮಾತ್ರ. ಗಿಟಾರ್ ಎರಡೂ ಒಂದನೇ ಮಾತ್ರೆಗೆ ದಬ್ ಅಂತ ಬೀಳುತ್ತವೆ, ಕೆಳಗೆ ನೆಲವೇ ಇಲ್ಲ. ನಾಲ್ಕಕ್ಕೆ ನೆಲ ಸಿಗುತ್ತದೆ. ಮೆಲ್ಲಗಿನ ಭಾಗದಿಂದ ಜೋರಿಗೆ ಹೋಗುವಾಗ ಈ ಖಾಲಿ ಜಾಗ ಕೊಡುವ ಎಳೆತ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ.

ಮಾತು ಕೂರಿಸುವುದು ಇನ್ನೊಂದು ದೊಡ್ಡ ಕೆಲಸ. "ಎಲ್ಲಿಗೆ ಹೋಗುತ್ತಿದ್ದೀಯ" ಅಂತ ಒದರಿ ನೋಡಿ. ನಾಲಿಗೆ ತಡವರಿಸುತ್ತದೆ, ಡ್ರಮ್ಸ್ ಮುಂದೆ ಓಡಿರುತ್ತದೆ. "ಎಲ್ಲಿ ಹೊಂಟೀ" ಅನ್ನಿ. ಎರಡು ಪೆಟ್ಟು, ಎರಡೂ ಸ್ನೇರ್ ಮೇಲೆ. ನಾವು ಮನೆಯಲ್ಲಿ ಆಡುವ ಮಾತಿನಲ್ಲೇ ಈ ಗಟ್ಟಿತನ ಇದೆ. ಇನ್ನೊಂದು ವಿಷಯ, ಒದರುವಾಗ ಸಾಲಿನ ಕೊನೆಗೆ ಈಕಾರ ಬಂದರೆ ಗಂಟಲು ಬಿಗಿಯುತ್ತದೆ. ಆಕಾರ ಬಂದರೆ ಬಾಯಿ ತೆರೆದುಕೊಳ್ಳುತ್ತದೆ, ಉಸಿರು ಹೊಟ್ಟೆಯಿಂದ ಬರುತ್ತದೆ. ಹೀಗೆ ಹುಡುಕುತ್ತಾ ಹೋಗಿ ಸಿಕ್ಕ ಸಾಲು "ಹೋಗ್ಲಾ? ಇರ್ಲಾ?" ಡಿಗ್ರಿ ಮುಗಿಸಿದ ನಮ್ಮ ಕಡೆ ಹುಡುಗರೆಲ್ಲ ಬೆಂಗಳೂರು, ಪುಣೆ ಕಡೆ ಮುಖ ಮಾಡಿ ಕೇಳಿಕೊಳ್ಳುವ ಪ್ರಶ್ನೆ ಅದೇ. ಶೋನಲ್ಲಿ ಜನ ನಮ್ಮ ಜೊತೆ ಒದರುತ್ತಿದ್ದದ್ದು ಈ ಸಾಲನ್ನೇ.

ಶೋ ಅಂದರೆ ಕಾಲೇಜು ಹಾಲ್, ಗೆಳೆಯರ ಮನೆ ಮಾಳಿಗೆ, ಒಮ್ಮೊಮ್ಮೆ ಆ ಗೋಡೌನೇ. ಮೈಕ್‌ಸೆಟ್ ತರುತ್ತಿದ್ದವರು ಆರ್ಕೆಸ್ಟ್ರಾಗಳಿಗೆ ಸೌಂಡ್ ಮಾಡಿ ಪಳಗಿದ ಅಣ್ಣ ಒಬ್ಬರು. ಮೊದಲ ಸಲ ನಾನು ಗಿಟಾರನ್ನು ಆಂಪ್ ಮುಂದೆ ಹಿಡಿದಾಗ ಓಡಿ ಬಂದರು. "ತಮ್ಮಾ, ಕೂಯ್ ಅನ್ನಾಕತ್ತೈತಿ, ಕಡಿಮಿ ಮಾಡ್ಲೇನು?" "ಬ್ಯಾಡ್ರಿ ಅಣ್ಣಾ, ಅದು ಹಾಡಿನಾಗ ಐತ್ರಿ." ಅವರು ಕೈ ಕಟ್ಟಿ ನಿಂತು ಪೂರ್ತಿ ಕೇಳಿದರು. ಮುಂದಿನ ಶೋನಲ್ಲಿ ಆ ಜಾಗ ಬಂದಾಗ ತಾವೇ ಫೇಡರ್ (ಸದ್ದು ಏರಿಸಿ ಇಳಿಸುವ ಗುಂಡಿ) ಮೇಲಕ್ಕೆ ತಳ್ಳಿದರು. ನಮ್ಮ ಸಂಗೀತವನ್ನು ಅವರಷ್ಟು ಗಮನ ಕೊಟ್ಟು ಕೇಳಿದವರು ಕಡಿಮೆ.

ರೆಕಾರ್ಡಿಂಗ್ ಕೂಡ ಗೋಡೌನಿನಲ್ಲೇ, ನಾಲ್ಕೂ ಜನ ಒಟ್ಟಿಗೆ ನುಡಿಸಿ. ಡ್ರಮ್ಸ್ ಮೇಲೆ ಎರಡು ಮೈಕ್, ಗಿಟಾರಿಗೆ ಒಂದು, ಬೇಸ್ ನೇರ ವೈರಿನಲ್ಲಿ. ಎರಡನೇ ಗಿಟಾರ್ ಡ್ರಮ್ಸ್ ಮೈಕಿನಲ್ಲೇ ಸೋರಿ ಬಂದಷ್ಟು ಬಂತು. ಒದರುವುದನ್ನು ಆಮೇಲೆ ಸೇರಿಸಿದೆವು. ಐದು ಹಾಡು ಆದವು.

ಮುಗಿದದ್ದು ಜಗಳದಿಂದಲ್ಲ. ಡ್ರಮ್ಮರ್‌ಗೆ ರೈಲ್ವೆಯಲ್ಲಿ ನೌಕರಿ ಸಿಕ್ಕಿ ದೂರದ ಊರಿಗೆ ಪೋಸ್ಟಿಂಗ್ ಆಯಿತು. ಇನ್ನೊಬ್ಬ ಗಿಟಾರಿಸ್ಟ್ ಪುಣೆಗೆ ಹೋದ. ಬೇರೆ ಡ್ರಮ್ಮರ್ ಹುಡುಕೋಣ ಅಂತ ಕೆಲವರು ಹೇಳಿದರು. ನಮ್ಮ ಹಾಡುಗಳು ನಿಂತಿದ್ದದ್ದು ಅವನ ರೂಪಕ್ ಮೇಲೆ. ಇನ್ನೊಬ್ಬನನ್ನು ಕೂರಿಸಿ ಅವನ ಹಾಗೆ ಬಾರಿಸು ಅನ್ನುವುದು ಇಬ್ಬರಿಗೂ ನ್ಯಾಯವಲ್ಲ ಅಂತ ನಾನು ಮತ್ತು ಬೇಸಿಸ್ಟ್ ಕೂತು ಮಾತಾಡಿ ನಿಲ್ಲಿಸಿದೆವು. ಕೌದಿಗಳನ್ನು ಹಾಗೇ ಬಿಟ್ಟು ಬಂದೆವು. ಈಗ ಅಲ್ಲಿ ವಿದ್ಯಾನಗರದ ಹುಡುಗರು ಪ್ರಾಕ್ಟೀಸ್ ಮಾಡುತ್ತಾರೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗದಂತೆ ಆಗಾಗ ನೀರು ಹಾಕಿ ಅಂತ ಅವರಿಗೆ ಹೇಳಿದ್ದೇನೆ.