ಆಪರೇಟರ್‌ಗೆ ತಕ್ಕ ಶಾಪ್: ಪೀಣ್ಯದಲ್ಲಿ ನನ್ನ ಅನುಭವ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಮಷಿನ್ ಶಾಪ್‌ಗಳಿಗೆ ಸಿಎನ್‌ಸಿ ಮತ್ತು ವಿಎಂಸಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಯಂತ್ರಗಳ, ಆಪರೇಟರ್‌ಗಳನ್ನು ಒದಗಿಸುವ ಕೆಲಸವನ್ನು ಹತ್ತು ಹನ್ನೆರಡು ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. ವಾರ್ಷಿಕ ಸಂಬಳದ ಶೇ. 8.33, ಅಂದರೆ ಒಂದು ತಿಂಗಳ ಸಂಬಳ, ನಮ್ಮ ಕಸುಬಿನ ವಾಡಿಕೆಯ ಶುಲ್ಕ; ಹುಡುಗ 90 ದಿನಗಳೊಳಗೆ ಬಿಟ್ಟರೆ ಇನ್ನೊಬ್ಬನನ್ನು ಪುಕ್ಕಟೆಯಾಗಿ ಕೊಡಬೇಕು. ಈ ಷರತ್ತು ಹೇಗೆ ಹಿಂಡುತ್ತದೆ ಎಂಬುದು ಕಸುಬಿನವರಿಗೆ ಗೊತ್ತೇ ಇದೆ. ಒಂದು ಕಾಲದಲ್ಲಿ ನಾನು ಸೇರಿಸಿದ ಮೂವರಲ್ಲಿ ಹೆಚ್ಚುಕಡಿಮೆ ಒಬ್ಬ ಆ ಅವಧಿಯೊಳಗೇ ಹೊರಬೀಳುತ್ತಿದ್ದ. ಈಗ ಹತ್ತರಲ್ಲಿ ಒಬ್ಬ ಬಿಟ್ಟರೆ ಹೆಚ್ಚು. ‘ಸ್ವಭಾವ ನೋಡಿ ಶಾಪ್ ಆರಿಸುವುದು ಆಗಹೋಗದ ಮಾತು, ಐನೂರು ರೂಪಾಯಿ ಹೆಚ್ಚು ಸಿಕ್ಕರೆ ಎಲ್ಲರೂ ಓಡುವವರೇ’ ಎಂದು ನಕ್ಕಿದ್ದ ಸಹವ್ಯವಹಾರಿಗಳೇ ಈಚೆಗೆ ಬಂದು ವಿಧಾನವನ್ನು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ನನ್ನ ಕಣ್ಣು ತೆರೆಸಿದ್ದು ಜಿಟಿಟಿಸಿಯಲ್ಲಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಡಿಪ್ಲೊಮಾ ಮುಗಿಸಿದ್ದ ಒಬ್ಬ ಸೆಟ್ಟರ್, ಅಂದರೆ ಯಂತ್ರವನ್ನು ಕೆಲಸಕ್ಕೆ ಹೊಂದಿಸಿಕೊಡುವವನು. ಕೈ ಬಹಳ ಚುರುಕು. ಅಳತೆ ಎರಡು ಮೂರು ಮೈಕ್ರಾನ್ ಸರಿದರೂ ಯಾರನ್ನೂ ಕೇಳದೆ, ಯಂತ್ರಕ್ಕೆ ಅಳತೆ ಹೊಂದಿಸಿಕೊಡುವ ಆಫ್‌ಸೆಟ್ ತಿದ್ದಿ ಮುಂದೆ ಹೋಗುವವನು. ವಿಮಾನದ ಬಿಡಿಭಾಗ ಮಾಡುವ ಘಟಕವೊಂದಕ್ಕೆ ಅವನನ್ನು ಸೇರಿಸಿದೆ. ಎಎಸ್ 9100 ಎಂಬ ವಿಮಾನೋದ್ಯಮದ ಗುಣಮಟ್ಟ ಪದ್ಧತಿಯಲ್ಲಿ ನಡೆಯುವ ಶಾಪ್‌ನಲ್ಲಿ ಭಾಗ ಸರಿಯಾಗಿಯೇ ಬಂದರೂ ದಾಖಲೆಯಿಲ್ಲದೆ ಮಾಡಿದ ತಿದ್ದುಪಡಿ ತಪ್ಪೇ ಆದ್ದರಿಂದ ಅವನು ಅಲ್ಲಿ ತಿಂಗಳೂ ನಿಲ್ಲಲಿಲ್ಲ. ಅವನ ಬದಲಿಗೆ ಕಳುಹಿಸಿದವನೂ ಅದೇ ಬಗೆಯ ಚುರುಕಿನವನಾಗಿ ಅವನೂ ಹೊರಬಿದ್ದ. ಒಂದು ಬದಲಿಗೆ ಓಡಾಟ, ಫೋನು, ಕಚೇರಿಯ ಹುಡುಗಿಯ ಸಂಬಳ ಎಲ್ಲ ಸೇರಿ ಆರೇಳು ಸಾವಿರ ತಗಲುತ್ತದೆ. ಇಪ್ಪತ್ತು ಸಾವಿರದ ಶುಲ್ಕದಲ್ಲಿ ಎರಡು ಬದಲಿ ಕೊಟ್ಟ ಮೇಲೆ ಉಳಿಯುವುದು ಪೆಟ್ರೋಲಿಗೆ ಮಾತ್ರ. ಮೊದಲನೆಯವನನ್ನು ಪೀಣ್ಯ ಎರಡನೇ ಹಂತದಲ್ಲಿರುವ, ಬಗೆಬಗೆಯ ಚಿಲ್ಲರೆ ಕೆಲಸ ಮಾಡಿಕೊಡುವ ಒಂದು ಸಣ್ಣ ಜಾಬ್ ಶಾಪ್‌ಗೆ ಸೇರಿಸಿದಾಗ ಅವನು ವರ್ಷದೊಳಗೆ ಮಾಲೀಕರ ಬಲಗೈಯಾದ.

ಅಂದಿನಿಂದ ಹುಡುಗನನ್ನು ಅಳೆಯುವ ಮೊದಲು ಶಾಪನ್ನು ಅಳೆಯುತ್ತೇನೆ. ಮಾಲೀಕರ ಕೋಣೆಯಲ್ಲಿ ಕಾಫಿ ಕುಡಿದು ಬಂದರೆ ಏನೂ ತಿಳಿಯುವುದಿಲ್ಲ; ಊಟದ ನಂತರ ಒಂದು ಗಂಟೆ ಶಾಪ್ ಫ್ಲೋರ್‌ನಲ್ಲಿ ನಿಂತಿರಬೇಕು. ವಾರಕ್ಕೆ ಎಷ್ಟು ಸಲ ಸೆಟಿಂಗ್ ಬದಲಾಗುತ್ತದೆ, ಇನ್ಸರ್ಟ್ (ಉಪಕರಣದ ಕತ್ತರಿಸುವ ತುದಿ) ಮುರಿದರೆ ಆಪರೇಟರ್ ತಾನೇ ತೆಗೆದುಕೊಳ್ಳುತ್ತಾನೋ ಅಥವಾ ಸಹಿ ಹಾಕಿಸಬೇಕೋ, ಡ್ರಾಯಿಂಗ್ ಮುದ್ರೆ ಬಿದ್ದ ಹಾಳೆಯಲ್ಲಿದೆಯೋ ಅಥವಾ ಮಾಲೀಕರ ವಾಟ್ಸಾಪ್‌ನಲ್ಲಿದೆಯೋ ಎಂಬುದನ್ನು ಬರೆದುಕೊಳ್ಳುತ್ತೇನೆ. ಮಷಿನ್ ಅಲಾರಂ ಹೊಡೆದಾಗ ಮೊದಲು ಯಾರು ಓಡುತ್ತಾರೆ ಎಂಬುದೊಂದೇ ಅರ್ಧ ಕಥೆಯನ್ನು ಹೇಳುತ್ತದೆ.

ಹುಡುಗರ ಪರೀಕ್ಷೆಗೆ ಸ್ನೇಹಿತರ ಶಾಪ್‌ನಲ್ಲಿ ಅರ್ಧ ದಿನಕ್ಕೆ ಲೇತ್ ಬಾಡಿಗೆಗೆ ಪಡೆಯುತ್ತೇನೆ. ಇಎನ್8 ಉಕ್ಕಿನ ರಾಡ್ ಸೇರಿ ತಲೆಗೆ ಏಳೆಂಟು ನೂರು ಖರ್ಚು. ಕೊಡುವುದು ಮೆಟ್ಟಿಲು ಮೆಟ್ಟಿಲಾಗಿ ದಪ್ಪ ಬದಲಾಗುವ ಒಂದು ಸ್ಟೆಪ್ ಶಾಫ್ಟ್‌ನ ಡ್ರಾಯಿಂಗ್. ಮೆಟ್ಟಿಲುಗಳ ಉದ್ದ ಮಿ.ಮೀ.ಗಳಲ್ಲಿ 45, 40 ಮತ್ತು 32 ಎಂದು, ಒಟ್ಟು ಉದ್ದ 120 ಎಂದು ಅದರಲ್ಲಿ ಬರೆದಿರುತ್ತದೆ. ಕೂಡಿದರೆ 117 ಮಾತ್ರ. ಕೆಲವರು ರಾಡನ್ನು ಮಷಿನ್ನಿಗೆ ಕಟ್ಟುವ ಮೊದಲೇ ಬಂದು ಕೇಳುತ್ತಾರೆ. ಕೆಲವರು ಕೊನೆಯ ಮೆಟ್ಟಿಲನ್ನು 35 ಮಾಡಿ, ಡ್ರಾಯಿಂಗ್ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ ತಂದಿಡುತ್ತಾರೆ. ಇನ್ನು ಕೆಲವರು ತಿದ್ದಿದ ಡ್ರಾಯಿಂಗ್ ಬರುವ ತನಕ ಮಷಿನ್ ಮುಟ್ಟುವುದಿಲ್ಲ. ಇವರಲ್ಲಿ ದಡ್ಡರು ಯಾರೂ ಇಲ್ಲ. ಮೊದಲನೆಯವರಿಗೆ ಸೂಪರ್‌ವೈಸರ್ ಪಕ್ಕದಲ್ಲೇ ಇರುವ ಮಧ್ಯಮ ಘಟಕ ಒಗ್ಗುತ್ತದೆ, ಎರಡನೆಯವರಿಗೆ ಜಾಬ್ ಶಾಪ್ ಒಗ್ಗುತ್ತದೆ, ಮೂರನೆಯವರನ್ನು ಎಎಸ್ 9100 ಘಟಕಗಳು ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತವೆ. ತಪ್ಪನ್ನು ಗಮನಿಸದೆ ತಿರುಗಿಸಿಕೊಂಡು ಹೋಗುವವರೂ ಉಂಟು. ಅವರಿಗೆ ತಿಂಗಳುಗಟ್ಟಲೆ ಒಂದೇ ಭಾಗ ಓಡುವ ಪ್ರೊಡಕ್ಷನ್ ಲೈನ್ ನೆಮ್ಮದಿ ಕೊಡುತ್ತದೆ. ಇದರ ಜೊತೆಗೆ ಚಹಾ ಹೊತ್ತಿನಲ್ಲಿ ಒಂದು ಪ್ರಶ್ನೆ ಕೇಳುತ್ತೇನೆ. ಅದನ್ನು ಇಲ್ಲಿ ಬರೆದರೆ ತಿಂಗಳೊಳಗೆ ಹುಡುಗರ ಗುಂಪುಗಳಲ್ಲಿ ಉತ್ತರ ಸಮೇತ ಹರಿದಾಡುತ್ತದೆಯಾದ್ದರಿಂದ ಬರೆಯುವುದಿಲ್ಲ. ಡ್ರಾಯಿಂಗ್‌ನ ಅಂಕಿಗಳನ್ನೂ ಆಗಾಗ ಬದಲಿಸುತ್ತಿರುತ್ತೇನೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದ್ದುಂಟು. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ ಅವರ ಆರು ಬಗೆಯ ವೃತ್ತಿ ಸ್ವಭಾವಗಳನ್ನು ಆಧರಿಸಿ ಕನ್ನಡದಲ್ಲಿ ಪ್ರಶ್ನಾವಳಿ ಮಾಡಿಸಲು ಐದಾರು ಸಾವಿರ ಸುರಿದೆ. ಹುಡುಗರು ಕೆಲಸ ಸಿಗುವಂಥ ಉತ್ತರಗಳನ್ನೇ ಗುರುತಿಸಿದ್ದರಿಂದ ಎಲ್ಲರೂ ಒಂದೇ ಬಗೆಯವರಾಗಿ ಬಂದರು. ಗಾರ್ಮೆಂಟ್ಸ್ ಟೈಲರ್‌ಗಳ ಮೇಲೂ ಈ ವಿಧಾನವನ್ನು ಹೂಡಿ ನೋಡಿದೆ. ಅಲ್ಲಿ ಸೂಪರ್‌ವೈಸರ್‌ನ ಬಾಯಿ, ಮಗುವನ್ನು ಬಿಡುವ ಕೂಸಿನ ಮನೆ ಮತ್ತು ಬಸ್ಸಿನ ವೇಳೆ ಇಷ್ಟೇ ಎಲ್ಲವನ್ನೂ ನಿರ್ಧರಿಸುತ್ತಿದ್ದುದರಿಂದ ಕೈಬಿಟ್ಟೆ. ದೂರದ ಲೆಕ್ಕ ಆಪರೇಟರ್‌ಗಳಿಗೂ ಇದೆ: 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ನಾಗಸಂದ್ರದಿಂದ ಮಾದಾವರದವರೆಗೆ ಓಡಲು ಶುರುವಾದ ಮೇಲೆ ನೆಲಮಂಗಲ ಕಡೆಯ ಹುಡುಗರನ್ನು ಪೀಣ್ಯಕ್ಕೆ ಒಪ್ಪಿಸುವುದು ನನಗೆ ಸುಲಭವಾಗಿದೆ.

ಶುಲ್ಕವನ್ನು ಈಗ ಎರಡು ಕಂತು ಮಾಡಿದ್ದೇನೆ: ಅರ್ಧ ಸೇರಿದ ದಿನ, ಇನ್ನರ್ಧ ಆರು ತಿಂಗಳು ನಿಂತ ಮೇಲೆ. ಎರಡನೆಯ ಕಂತು ತಪ್ಪುವುದು ಅಪರೂಪವಾದ್ದರಿಂದ ಒಟ್ಟು ದರವನ್ನೂ ತುಸು ಏರಿಸಿದ್ದೇನೆ. ಶಾಪ್ ಫ್ಲೋರ್‌ನಲ್ಲಿ ನಿಲ್ಲಲು ಬಿಡದ, ‘ಎರಡು ವರ್ಷದ ಅನುಭವ ಇದ್ದವನನ್ನು ಕಳುಹಿಸಿ ಸಾಕು’ ಎನ್ನುವ ಮಾಲೀಕರು ಇನ್ನೂ ಇದ್ದಾರೆ. ಅವರಿಗೆ ಹಳೆಯ ದರದಲ್ಲೇ, ಪರೀಕ್ಷೆಯಿಲ್ಲದೆ ಕಳುಹಿಸುತ್ತೇನೆ. ಪುಕ್ಕಟೆ ಬದಲಿಯ ಷರತ್ತನ್ನು ಮಾತ್ರ ಅವರ ಕರಾರಿನಿಂದ ತೆಗೆದುಹಾಕಿದ್ದೇನೆ.