ಸೋರುವ ರೇಡಿಯೇಟರ್: ಬೆಸುಗೆ ಸಾಕೇ, ಹೊಸದೇ ಬೇಕೇ?

ಬೆಳಗ್ಗೆ ಕಾರು ಹೊರತೆಗೆದಾಗ ಅದು ನಿಂತಿದ್ದ ಜಾಗದಲ್ಲಿ ಅಂಗೈಯಗಲ ಒದ್ದೆ. ಮುಟ್ಟಿದರೆ ಬೆರಳಿಗೆ ಜಿಗುಟು, ಹಸಿರೋ ಗುಲಾಬಿಯೋ ಬಣ್ಣ, ತುಸು ಸಿಹಿ ವಾಸನೆ. ಹಾಗಿದ್ದರೆ ಅದು ಎ.ಸಿ.ಯಿಂದ ತೊಟ್ಟಿಕ್ಕಿದ ನೀರಲ್ಲ, ಕೂಲಂಟ್; ಎಂಜಿನ್ನಿನ ಬಿಸಿ ಹೊತ್ತು ತಂದು ರೇಡಿಯೇಟರಿನಲ್ಲಿ ತಣಿಯುವ ದ್ರವ. ಇದನ್ನು ಕಂಡ ಮೇಲೆ ಕೆಲವರು ದಿನವೂ ಒಂದಿಷ್ಟು ನೀರು ಸುರಿದು ಓಡಿಸುತ್ತಾರೆ, ಕೆಲವರು ಮರುದಿನವೇ ಹೊಸ ರೇಡಿಯೇಟರ್ ಹಾಕಿಸುತ್ತಾರೆ. ಎರಡೂ ದುಡುಕು. ಎಷ್ಟು ಸೋರುತ್ತಿದೆ ಎಂಬುದನ್ನು ನೋಡಿ ತೀರ್ಮಾನಿಸುವ ವಿಷಯವಲ್ಲ ಇದು. ಎಲ್ಲಿ ಸೋರುತ್ತಿದೆ, ಆ ಭಾಗವನ್ನು ಯಾವುದರಿಂದ ಮಾಡಿದ್ದಾರೆ, ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಮುಕ್ಕಾಲು ಕೆಲಸ ಮುಗಿದಂತೆ.

ಮೊದಲ ಹೆಜ್ಜೆ: ಸೋರುತ್ತಿರುವುದು ರೇಡಿಯೇಟರೇ?

ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಬಾನೆಟ್ ಕೆಳಗೆ ಕೈಹಾಕಿ. ರಾತ್ರಿಯಿಡೀ ನಿಂತ ಕಾರಾದರೆ ಉತ್ತಮ. ಬಿಸಿ ಎಂಜಿನ್ನಿನೊಳಗೆ ಕೂಲಂಟ್ ಹೊರಗಿನ ಗಾಳಿಗಿಂತ ಸುಮಾರು ಒಂದು ಬಾರ್ ಹೆಚ್ಚಿನ ಒತ್ತಡದಲ್ಲಿರುತ್ತದೆ. ಆ ಒತ್ತಡದಲ್ಲಿ ಬರೀ ನೀರು ಕೂಡ 120 ಡಿಗ್ರಿ ಸೆಲ್ಸಿಯಸ್ ತನಕ ಕುದಿಯದೆ ಸುಮ್ಮನಿರುತ್ತದೆ. ಮುಚ್ಚಳ ತಿರುವಿದ ಕ್ಷಣ ಒತ್ತಡ ಇಳಿದು, ಇದ್ದ ದ್ರವವೆಲ್ಲ ಹಬೆಯೊಂದಿಗೆ ಉಕ್ಕಿ ಮುಖಕ್ಕೆ ಚಿಮ್ಮುತ್ತದೆ. ಈ ಒಂದು ವಿಷಯದಲ್ಲಿ ದಯವಿಟ್ಟು ಧೈರ್ಯ ತೋರಿಸಬೇಡಿ.

ನನ್ನ ಹಳೆಯ ಕಾರಿಗೆ ಒಮ್ಮೆ ಗ್ಯಾರೇಜೊಂದರಲ್ಲಿ 'ರೇಡಿಯೇಟರ್ ಹೋಗಿದೆ, ಬದಲಿಸಿಬಿಡಿ' ಎಂದರು. ಮನಸ್ಸು ಒಪ್ಪದೆ ಮನೆಗೆ ತಂದು ಟಾರ್ಚ್ ಹಿಡಿದು ನೋಡಿದರೆ, ಮೇಲಿನ ಹೋಸ್ ಪೈಪಿನ ಕ್ಲಾಂಪ್ ಸಡಿಲವಾಗಿತ್ತು. ಅಲ್ಲಿಂದ ಇಳಿದ ಕೂಲಂಟ್ ರೇಡಿಯೇಟರಿನ ಮೈಮೇಲೆ ಹರಿದು ಬುಡದಿಂದ ತೊಟ್ಟಿಕ್ಕುತ್ತಿತ್ತು. ಆದ್ದರಿಂದ ತೇವವನ್ನು ಕೆಳಗಿನಿಂದ ಮೇಲಕ್ಕೆ ಹಿಂಬಾಲಿಸಿ. ಒಣಗಿದ ಕೂಲಂಟ್ ಬಿಳಿಯದೋ ಬಣ್ಣದ್ದೋ ಕಲೆ ಬಿಟ್ಟಿರುತ್ತದೆ. ಆ ಕಲೆ ಶುರುವಾಗುವ ಅತಿ ಮೇಲಿನ ಜಾಗವನ್ನೇ ಮೊದಲು ಅನುಮಾನಿಸಬೇಕು.

ಕಣ್ಣಿಗೆ ಬೀಳದಿದ್ದರೆ ಪ್ರೆಶರ್ ಟೆಸ್ಟರ್ ಬೇಕು. ಗೇಜ್ ಇರುವ ಕೈಪಂಪ್ ಅದು. ಮುಚ್ಚಳದ ಜಾಗದಲ್ಲಿ ಕೂರಿಸಿ, ಮುಚ್ಚಳದ ಮೇಲೆ ನಮೂದಿಸಿದ ಒತ್ತಡದವರೆಗೆ ಮಾತ್ರ ಗಾಳಿ ತುಂಬಿಸಿ ಹತ್ತು ಹದಿನೈದು ನಿಮಿಷ ಕಾಯಬೇಕು. ಮುಳ್ಳು ಇಳಿಯುತ್ತಿದ್ದರೆ ಎಲ್ಲೋ ಒಂದು ಕಡೆ ಹನಿ ಮೂಡಲೇಬೇಕು. ಹೊರಗೆಲ್ಲೂ ಹನಿಯಿಲ್ಲ, ಒತ್ತಡ ಮಾತ್ರ ಇಳಿಯುತ್ತಿದೆ ಎಂದರೆ ಕಾರಿನೊಳಗಿನ ಕಾರ್ಪೆಟ್ ಮುಟ್ಟಿ ನೋಡಿ. ಒದ್ದೆಯಾಗಿದ್ದರೆ ಕಾರಿನೊಳಗೆ ಬಿಸಿಗಾಳಿ ಕೊಡುವ ಪುಟ್ಟ ರೇಡಿಯೇಟರ್, ಅಂದರೆ ಹೀಟರ್ ಕೋರ್ ಸೋರುತ್ತಿರಬಹುದು. ಎಂಜಿನ್ ಆಯಿಲ್ ಕೆನೆಬಣ್ಣಕ್ಕೆ ತಿರುಗಿದ್ದರೆ, ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಎಂಜಿನ್ನಿನ ಮೇಲ್ಭಾಗದ ಸಂದು ಮುಚ್ಚುವ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು. ಆಗ ರೇಡಿಯೇಟರಿನ ಮಾತು ಆಮೇಲೆ.

ಎರಡನೆಯ ಹೆಜ್ಜೆ: ಮೈ ಯಾವುದರದ್ದು?

ಬಹಳ ಹಳೆಯ ಕಾರುಗಳಲ್ಲಿ ತಾಮ್ರ ಮತ್ತು ಹಿತ್ತಾಳೆಯ ರೇಡಿಯೇಟರ್ ಇರುತ್ತದೆ. ಅದರ ಕೀಲುಗಳೆಲ್ಲ ಬೆಸುಗೆಯವು. ಸೋರುವ ಕಡೆ ಹಸಿರು ಕಿಲುಬು ಕಟ್ಟಿರುವುದು ಇದರ ಗುರುತು. ರಿಪೇರಿಗೆ ಇಷ್ಟು ಒಗ್ಗುವ ಭಾಗ ಕಾರಿನಲ್ಲಿ ಮತ್ತೊಂದು ಇರಲಾರದು. ಕೀಲು ಬಿಟ್ಟರೆ ಮತ್ತೆ ಬೆಸೆಯಬಹುದು, ತುದಿಯ ಟ್ಯಾಂಕ್ ಬಿಚ್ಚಿ ಕೊಳವೆಗಳೊಳಗೆ ಸರಳು ಆಡಿಸಿ ಕಿಟ್ಟ ತೆಗೆಯಬಹುದು. ಕೋರ್, ಅಂದರೆ ನಡುವಿನ ಕೊಳವೆಗಳ ಭಾಗ, ಪೂರ್ತಿ ಸವೆದಿದ್ದರೂ ಹಳೆಯ ಟ್ಯಾಂಕ್‌ಗಳ ನಡುವೆ ಹೊಸ ಕೋರ್ ಕೂರಿಸಬಹುದು. ನಿಮ್ಮ ಕಾರಿನಲ್ಲಿ ಇಂಥದ್ದಿದ್ದರೆ, ಬೆಸುಗೆ ಬಲ್ಲ ಕೈ ಸಿಗುವವರೆಗೆ ಅದನ್ನು ಗುಜರಿಗೆ ಕೊಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಹಳೆಯ ಮಾದರಿಗಳಿಗೆ ಸರಿಯಾಗಿ ಹೊಂದುವ ಹೊಸದು ಸಿಗುವುದೇ ಕಷ್ಟ.

ಆನಂತರ ಬಂದ ಹೆಚ್ಚಿನ ಕಾರುಗಳಲ್ಲಿ ಅಲ್ಯುಮಿನಿಯಂ ಕೋರ್, ಅದರ ಎರಡು ತುದಿಗೆ ಪ್ಲಾಸ್ಟಿಕ್ ಟ್ಯಾಂಕ್. ನಡುವೆ ರಬ್ಬರ್ ಗ್ಯಾಸ್ಕೆಟ್ ಇಟ್ಟು ಅಂಚಿನ ಹಲ್ಲುಗಳನ್ನು ಮಡಚಿ ಬಿಗಿದಿರುತ್ತಾರೆ. ವರ್ಷಗಟ್ಟಲೆ ಕಾದು ಆರಿ, ಕಾದು ಆರಿ ಆ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ ಪೆಡಸಾಗುತ್ತದೆ. ಹೋಸ್ ಕೂರುವ ಕುತ್ತಿಗೆಯಲ್ಲೋ ಮೂಲೆಯಲ್ಲೋ ಕೂದಲೆಳೆಯ ಬಿರುಕು ಮೂಡಿತೆಂದರೆ ಹೊಸದನ್ನೇ ಹಾಕಿಸಿ. ಎಪಾಕ್ಸಿ ಅಂಟು ಮನೆ ಮುಟ್ಟಿಸೀತು, ಅಷ್ಟೇ. ಒಂದು ಕಡೆ ಬಿರಿದ ಟ್ಯಾಂಕ್ ಉಳಿದ ಕಡೆಯೂ ಅಷ್ಟೇ ಮುಪ್ಪಾಗಿರುತ್ತದೆ. ಟ್ಯಾಂಕ್ ಗಟ್ಟಿಯಾಗಿದ್ದು ಗ್ಯಾಸ್ಕೆಟ್ ಅಂಚಿನಲ್ಲಿ ಮಾತ್ರ ಜಿನುಗುತ್ತಿದ್ದರೆ ಗ್ಯಾಸ್ಕೆಟ್ ಬದಲಿಸಲು ಸಾಧ್ಯವಿದೆ. ಆದರೆ ಹಳೆಯ ಹಲ್ಲುಗಳು ಬಿಚ್ಚಿ ಮಡಚುವಾಗ ಮುರಿಯುತ್ತವೆ. ಕಲ್ಲು ಬಡಿದು ಅಲ್ಯುಮಿನಿಯಂ ಕೊಳವೆಗೆ ಒಂದೇ ಒಂದು ತೂತಾಗಿದ್ದು, ರೇಡಿಯೇಟರ್ ಇನ್ನೂ ಹೊಸದಾಗಿದ್ದರೆ ಪರಿಣತರಿಂದ ಮುಚ್ಚಿಸಬಹುದು.

ಯಾವ ಲೋಹವಾದರೂ ಸರಿ, ಒಮ್ಮೆ ಕೊಳವೆಗಳ ನಡುವಿನ ತೆಳು ತಗಡುಗಳನ್ನು (ಫಿನ್) ಬೆರಳಿನಿಂದ ಮೆಲ್ಲಗೆ ಸವರಿ. ಪುಡಿಪುಡಿಯಾಗಿ ಉದುರಿದರೆ ಅದು ಸೋರದಿದ್ದರೂ ಎಂಜಿನ್ ತಣಿಸಲಾರದು, ಬದಲಿಸಲೇಬೇಕು. ಎರಡು ಮೂರು ಕಡೆ ಜಿನುಗುತ್ತಿದ್ದರೂ ತೀರ್ಮಾನ ಅದೇ.

ಸೋರಿಕೆ ನಿಲ್ಲಿಸುತ್ತದೆಂದು ಮಾರುವ ಪುಡಿ ಮತ್ತು ದ್ರವಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ತೂತನ್ನು ಮುಚ್ಚುವ ಕಣಗಳೇ ಹೀಟರ್ ಕೋರಿನ ಸಣ್ಣ ದಾರಿಗಳಲ್ಲೂ ಕೂರುತ್ತವೆ. ನಡುದಾರಿಯಲ್ಲಿ ಬೇರೆ ಗತಿಯಿಲ್ಲದಾಗ ಬಳಸಿದರೂ, ಊರು ಸೇರಿದ ಮೇಲೆ ಇಡೀ ವ್ಯವಸ್ಥೆಯನ್ನು ತೊಳೆಸಿಬಿಡಿ.

ಕೊನೆಯ ಹೆಜ್ಜೆ: ಹೊಸದು ಕೂರಿಸುವ ಮುನ್ನ

ಹಳೆಯದು ಏಕೆ ತೂತಾಯಿತು ಎಂದು ತಿಳಿಯದೆ ಹೊಸದನ್ನು ಹಾಕಿದರೆ ಅದೂ ಅದೇ ದಾರಿ ಹಿಡಿಯಬಹುದು. ಬ್ಯಾಟರಿಯ ನೆಗೆಟಿವ್ ಅನ್ನು ಕಾರಿನ ಮೈಗೆ ಜೋಡಿಸುವ ಅರ್ಥಿಂಗ್ ತಂತಿ ಸಡಿಲವಿದ್ದರೆ ವಿದ್ಯುತ್ತು ಕೂಲಂಟ್ ಮೂಲಕ ಹರಿದು ಲೋಹವನ್ನು ಒಳಗಿನಿಂದಲೇ ತಿನ್ನುತ್ತದೆ. ವೋಲ್ಟ್‌ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಲೋಹಕ್ಕೆ ತಾಗದಂತೆ ಕೂಲಂಟ್‌ನಲ್ಲಿ ಅದ್ದಿ. 0.3 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಮೊದಲು ಕೂಲಂಟ್ ಬದಲಿಸಿ, ಅರ್ಥಿಂಗ್ ಪರೀಕ್ಷಿಸಿ.

ರೇಡಿಯೇಟರ್ ಬಿಚ್ಚಿದಾಗಲೇ ಉಬ್ಬಿದ ಹೋಸ್‌ಗಳನ್ನೂ ಹಳೆಯ ಮುಚ್ಚಳವನ್ನೂ ಬದಲಿಸಿ. ಆಟೊಮ್ಯಾಟಿಕ್ ಗೇರಿನ ಕಾರಾದರೆ ಗೇರ್ ಆಯಿಲ್ ತಣಿಸುವ ಕೊಳವೆ ರೇಡಿಯೇಟರಿನೊಳಗೇ ಇರಬಹುದು. ಕೂಲಂಟ್‌ನಲ್ಲಿ ಆಯಿಲ್ ತೇಲುತ್ತಿದ್ದರೆ ಗಾಡಿ ಓಡಿಸಲೇಬೇಡಿ. ಕಾರಿನ ಕೈಪಿಡಿಯಲ್ಲಿ ಹೇಳಿದ ಬಗೆಯ ಕೂಲಂಟ್ ಅನ್ನೇ ತುಂಬಿಸಿ, ಒಳಗೆ ಸಿಕ್ಕ ಗಾಳಿ ಹೊರಹಾಕಿ, ಮರುದಿನ ಎಂಜಿನ್ ತಣ್ಣಗಿರುವಾಗ ಮಟ್ಟ ನೋಡಿ. ಮೊದಲ ದಿನ ತುಸು ಇಳಿಯುವುದು ಸಹಜ, ಮತ್ತೆ ಮತ್ತೆ ಇಳಿಯಬಾರದು.

ಹೊರತೆಗೆದ ಹಳೆಯ ಕೂಲಂಟ್ ಅನ್ನು ಬೋಗುಣಿಯಲ್ಲಿ ಹಾಗೇ ಬಿಟ್ಟು ಹೋಗಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ಜೊತೆಗೆ ವಿಷ. ನಾಯಿ ಬೆಕ್ಕುಗಳು ನೆಕ್ಕಿ ಸಾಯುತ್ತವೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಿಡಿದು, ಒಳಗೇನಿದೆ ಎಂದು ಮೇಲೆ ಬರೆದು, ಹಳೆಯ ಕೂಲಂಟ್ ತೆಗೆದುಕೊಳ್ಳುವ ಕಡೆಗೆ ಕೊಡಿ.