"ಇಲ್ಲಿ ಮೊದ್ಲು ಏನಿತ್ತವ್ವಾ?": ಶಾರ್ಲೆಟ್‌ನಲ್ಲಿ ಬೋರ್ಡು ಓದಲು ಕಲಿತ ನನ್ನ ಅನುಭವ

2019ರಲ್ಲಿ ಅಪ್ಪಾಜಿ ಮೊದಲ ಸಲ ಅಮೆರಿಕದ ನಾರ್ತ್ ಕೆರೊಲಿನಾದ ಶಾರ್ಲೆಟ್‌ಗೆ ಬಂದಾಗ, ಏರ್‌ಪೋರ್ಟಿನಿಂದ ಮನೆ ಮುಟ್ಟುವಷ್ಟರಲ್ಲಿ ಒಂದೇ ಪ್ರಶ್ನೆ ಕೇಳಿದರು. ಕ್ರೇನ್ ಕಂಡರೂ ಅದೇ, ಹೊಸ ಅಪಾರ್ಟ್‌ಮೆಂಟ್ ಕಂಡರೂ ಅದೇ. "ಇಲ್ಲಿ ಮೊದ್ಲು ಏನಿತ್ತವ್ವಾ?" ನನಗೆ ಗೊತ್ತಿರಲಿಲ್ಲ. ಐದು ವರ್ಷ ಅದೇ ರಸ್ತೆಯಲ್ಲಿ ಕಾರು ಓಡಿಸಿದ್ದೆ. ಅವರು ಸರ್ವೆ ಇಲಾಖೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ದಾವಣಗೆರೆ ಸುತ್ತಲಿನ ಹೊಲಗಳಲ್ಲಿ ಚೈನು ಹಿಡಿದು ಓಡಾಡಿದ ಕಾಲು. ನಾಲ್ಕನೇ ಸಲ "ಗೊತ್ತಿಲ್ಲ ಅಪ್ಪಾಜಿ" ಅಂದಾಗ ಸುಮ್ಮನಾದರು. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಈಗ ನಾನು ತಿಂಗಳಿಗೊಂದು ಸಲ, ನಲವತ್ತು ಚಿಲ್ಲರೆ ಕನ್ನಡದ ಮನೆಗಳಿಗೆ ಒಂದು ಪುಟದ ಪತ್ರ ಬರೆದು ಕಳಿಸುತ್ತೇನೆ. ನಮ್ಮ ಸುತ್ತಮುತ್ತ ಯಾವ ಜಾಗದಲ್ಲಿ ಏನು ಬರುತ್ತಿದೆ, ಮೊದಲು ಏನಿತ್ತು, ಯಾವತ್ತು ತೀರ್ಮಾನ. ಇಷ್ಟೇ. ನಾನು ಪತ್ರಕರ್ತೆ ಅಲ್ಲ, ಬ್ಯಾಂಕೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟ್ ಮಾಡುವವಳು. ಶಾರ್ಲೆಟ್‌ನಲ್ಲಿ ನಮ್ಮವರು ಬಹಳ ಜನ ಬ್ಯಾಂಕಿನ ಕೆಲಸದವರೇ. ಬ್ಯಾಂಕ್ ಆಫ್ ಅಮೆರಿಕದ ಮುಖ್ಯ ಕಚೇರಿ ಇರುವುದು ಈ ಊರಿನಲ್ಲಿ. ಅದರ ಅರವತ್ತು ಅಂತಸ್ತಿನ ಕಟ್ಟಡ 1992ರಿಂದ ಊರಿಗೆ ಗುರುತಿನ ಕಂಬದ ಹಾಗೆ ನಿಂತಿದೆ.

ಊರು ಬೆಳೆದ ವೇಗ ಹೇಳಿಬಿಡುತ್ತೇನೆ. 2000ದ ಜನಗಣತಿಯಲ್ಲಿ 5,40,828 ಜನ. 2020ರಲ್ಲಿ 8,74,579. ಹೀಗೆ ಬೆಳೆದ ಊರಿನಲ್ಲಿ ಯಾರನ್ನು ಕೇಳಿದರೂ ಬೇರೆ ಕಡೆಯಿಂದ ಬಂದವರು. ಹಾಗಾಗಿ "ಇಲ್ಲಿ ಮೊದ್ಲು ಏನಿತ್ತು" ಅನ್ನುವುದಕ್ಕೆ ಪಕ್ಕದ ಮನೆಯವರ ಹತ್ತಿರವೂ ಉತ್ತರ ಇರಲ್ಲ. ಹೊಸಬರನ್ನು ಕಂಡುಹಿಡಿಯುವುದು ಮಾತ್ರ ಸುಲಭ. ಪೇಟೆ ನಡುವಿನ ಭಾಗವನ್ನು ಡೌನ್‌ಟೌನ್ ಅಂದರೆ ಹೊಸಬರು. ಇಲ್ಲಿ ಅದು ಅಪ್‌ಟೌನ್. ಯಾಕೆ ಅಂತ ವಾದ ಮಾಡಬಾರದು, ಹಾಗೆ ಅನ್ನಬೇಕು ಅಷ್ಟೇ.

ಶುರುವಾಗಿದ್ದು ಒಂದು ಬೋರ್ಡಿನಿಂದ. ನಾವಿರುವುದು ಯೂನಿವರ್ಸಿಟಿ ಸಿಟಿ ಕಡೆ. 2018ರ ಮಾರ್ಚ್‌ನಲ್ಲಿ ಬ್ಲೂ ಲೈನ್ ರೈಲು ವಿಶ್ವವಿದ್ಯಾಲಯದ ತನಕ ಬಂದಮೇಲೆ ಈ ಕಡೆ ಖಾಲಿ ಜಾಗಕ್ಕೆಲ್ಲ ರೆಕ್ಕೆ ಬಂತು. ದಿನಾ ವಾಕಿಂಗ್ ಹೋಗುವ ದಾರಿಯಲ್ಲಿ ಒಂದು ಪಾಳು ಜಾಗದ ಮುಂದೆ ರೀಝೋನಿಂಗ್ ಬೋರ್ಡು ನೆಟ್ಟಿದ್ದರು. ಆ ಜಾಗದಲ್ಲಿ ಏನು ಕಟ್ಟಬಹುದು ಅನ್ನುವ ನಿಯಮ ಬದಲಿಸಲು ಅರ್ಜಿ ಬಿದ್ದಿದೆ ಅಂತ ಅದರ ಅರ್ಥ. ವರ್ಷ, ಒಂದು ನಂಬರು, ಒಂದು ಫೋನ್ ನಂಬರು. ಅಪ್ಪಾಜಿ ಜೇಬಿನ ಡೈರಿ ತೆಗೆದು ಬರೆದುಕೊಂಡರು. "ಮನೆಗೆ ಹೋಗಿ ಇದನ್ನ ತೆಗೆದು ನೋಡು" ಅಂದರು. ಎರಡು ವಾರ ನಾನು ನೋಡಲಿಲ್ಲ. ಅವರು ಊರಿಗೆ ಹೊರಡುವ ಹಿಂದಿನ ದಿನ ನಾಚಿಕೆಯಾಗಿ ಕೂತು ತೆಗೆದೆ.

ನಗರದ ವೆಬ್‌ಸೈಟಿನಲ್ಲಿ ಆ ನಂಬರು ಹಾಕಿದರೆ ಅರ್ಜಿ, ನಕ್ಷೆ, ಅಧಿಕಾರಿಗಳ ವರದಿ ಎಲ್ಲ ಸಿಗುತ್ತವೆ. ನಾನು ಬಣ್ಣದ ಚಿತ್ರ ನೋಡುತ್ತಾ ಕೂತೆ. ಮರ, ಬೆಂಚು, ಸೈಕಲ್ ಹೊಡೆಯುವ ಮಗು. ಅಪ್ಪಾಜಿ ಹಿಂದೆ ನಿಂತು, "ಚಿತ್ರ ಬಿಡು, ಸಣ್ಣಕ್ಷರದಾಗೆ ಏನೈತಿ ಓದು" ಅಂದರು. ಈ ಕೆಲಸದಲ್ಲಿ ನನಗೆ ಸಿಕ್ಕ ದೊಡ್ಡ ಪಾಠ ಅದು. ಇಲ್ಲಿ ಎಷ್ಟೋ ಅರ್ಜಿಗಳು ಷರತ್ತಿನ ಅರ್ಜಿಗಳು. ನಕ್ಷೆಯ ಪಕ್ಕದಲ್ಲಿ ಒತ್ತೊತ್ತಾಗಿ ಬರೆದ ಟಿಪ್ಪಣಿಗಳಿಗೆ ಬಿಲ್ಡರ್ ಬದ್ಧರಾಗಿರಬೇಕು. ಎಷ್ಟು ಮನೆ, ಎಷ್ಟು ಎತ್ತರ, ರಸ್ತೆಗೆ ಎಲ್ಲಿ ಬಾಯಿ, ಫುಟ್‌ಪಾತ್ ಎಷ್ಟು ಅಗಲ, ಎಲ್ಲ ಅಲ್ಲೇ. ಸೈಕಲ್ ಹೊಡೆಯುವ ಮಗುವಿಗೆ ಯಾರೂ ಬದ್ಧರಲ್ಲ.

ಅವತ್ತೇ ಇನ್ನೊಂದು ತೋರಿಸಿದೆ. ಮೆಕ್ಲೆನ್‌ಬರ್ಗ್ ಕೌಂಟಿಯ ಪೊಲಾರಿಸ್ ಅನ್ನುವ ನಕ್ಷೆ. ಯಾವ ಸೈಟಿನ ಮೇಲೆ ಒತ್ತಿದರೂ ಯಾರ ಹೆಸರಲ್ಲಿದೆ, ಯಾವಾಗ ಕೊಂಡರು, ಎಷ್ಟಕ್ಕೆ ಕೊಂಡರು ಅಂತ ಬರುತ್ತದೆ. ಅಪ್ಪಾಜಿ ಕನ್ನಡಕ ಸರಿಮಾಡಿಕೊಂಡು ರಾತ್ರಿ ಹನ್ನೊಂದರ ತನಕ ಬಿಡಲಿಲ್ಲ. ಅದಕ್ಕೆ ಅವರು ಇಟ್ಟ ಹೆಸರು "ಪಹಣಿ". ನಮ್ಮ ಪತ್ರದಲ್ಲೂ ಅದೇ ಹೆಸರು ಉಳಿದಿದೆ. ರೀಝೋನಿಂಗ್ ಅಂದರೇನು ಅಂತ ಜನಕ್ಕೆ ಹೇಳಲು ನಾನು ಒದ್ದಾಡುತ್ತಿದ್ದಾಗಲೂ ದಾರಿ ತೋರಿಸಿದ್ದು ಅವರೇ. "ಡಿಸಿ ಕನ್ವರ್ಷನ್ ಇದ್ದಂಗೆ ಅಂತ ಬರಿ. ಇಲ್ಲಿ ಡಿಸಿ ಇಲ್ಲ, ಕೌನ್ಸಿಲ್ಲು ಐತಿ. ಚೇಂಬರಿನಾಗೆ ಅಲ್ಲ, ಎಲ್ಲರ ಎದುರಿಗೆ." ಪೂರ್ತಿ ಸರಿಯಾದ ಹೋಲಿಕೆ ಅಲ್ಲ, ಆದರೆ ಮಂಡ್ಯದವರಿಂದ ಬೀದರ್‌ನವರ ತನಕ ಎಲ್ಲರಿಗೂ ಒಂದೇ ಏಟಿಗೆ ಅರ್ಥವಾಯಿತು.

ಮೊದಲ ಪತ್ರದಲ್ಲೇ ಎಡವಿದೆ. "ನಮ್ಮ ಹತ್ತಿರ 300 ಮನೆಗಳು ಬರುತ್ತಿವೆ" ಅಂತ ಬರೆದೆ. ಗ್ರೂಪಿನಲ್ಲಿ ಗಲಾಟೆಯೋ ಗಲಾಟೆ. ಸ್ಕೂಲು ತುಂಬಿಹೋಗುತ್ತೆ, ಮನೆ ರೇಟು ಬೀಳುತ್ತೆ, ಟ್ರಾಫಿಕ್ಕು. ಒಬ್ಬರು ಮನೆ ಮಾರುವ ಮಾತು ತೆಗೆದರು. ನಿಜ ಏನೆಂದರೆ ಅದು ಅರ್ಜಿಯ ಹಂತ, 300 ಅನ್ನುವುದು ಗರಿಷ್ಠ ಮಿತಿ. ಆ ಅರ್ಜಿಯನ್ನು ಕೆಲವು ತಿಂಗಳ ನಂತರ ಹಾಕಿದವರೇ ವಾಪಸ್ ತೆಗೆದುಕೊಂಡರು. ಅಂದಿನಿಂದ ಪತ್ರದಲ್ಲಿ ಕ್ರಿಯಾಪದ ನೋಡಿಕೊಂಡು ಬರೆಯುತ್ತೇನೆ. "ಕೇಳಿದ್ದಾರೆ", "ಒಪ್ಪಿಗೆ ಸಿಕ್ಕಿದೆ", "ಕಟ್ಟುತ್ತಿದ್ದಾರೆ" ಮೂರೂ ಬೇರೆ ಬೇರೆ ಸುದ್ದಿ.

ಎರಡನೇ ಪೆಟ್ಟು ಇನ್ನೂ ಜೋರಾಗಿ ಬಿತ್ತು. ನಮ್ಮ ಮನೆಯ ಹಿಂದಿನ ಓಕ್ ಮರಗಳು ಒಂದು ಮಂಗಳವಾರ ಬೆಳಿಗ್ಗೆಯಿಂದ ಉರುಳತೊಡಗಿದವು. ಬೋರ್ಡು ಇಲ್ಲ, ಜನರ ಮಾತು ಕೇಳುವ ಹಿಯರಿಂಗ್ ಇಲ್ಲ. "ನೀವು ಪತ್ರದಲ್ಲಿ ಹೇಳಲೇ ಇಲ್ವಲ್ಲ" ಅಂತ ಪಕ್ಕದ ಬೀದಿಯ ಅಕ್ಕ ಫೋನಿನಲ್ಲೇ ತರಾಟೆಗೆ ತೆಗೆದುಕೊಂಡರು. ಹುಡುಕಿದಾಗ ಗೊತ್ತಾಯಿತು. ಜಾಗಕ್ಕೆ ಈಗಾಗಲೇ ಇರುವ ಝೋನಿಂಗ್‌ನಲ್ಲಿ ಏನು ಕಟ್ಟಬಹುದೋ ಅದನ್ನೇ ಕಟ್ಟುವುದಾದರೆ ಕೌನ್ಸಿಲ್ ಮುಂದೆ ಬರಬೇಕಾಗಿಯೇ ಇಲ್ಲ. ಪರ್ಮಿಟ್ ಸಾಕು. ಊರಿನ ಎಷ್ಟೋ ಕಟ್ಟಡಗಳು ಹೀಗೇ ಏಳುತ್ತವೆ. ಬೋರ್ಡು ನೋಡುತ್ತಾ ಕೂತರೆ ಅರ್ಧ ಊರು ಮಾತ್ರ ಕಾಣುತ್ತದೆ. ಹಾಗಾಗಿ ಖಾಲಿ ಜಾಗಗಳ ಈಗಿನ ಝೋನಿಂಗ್ ಏನು ಅಂತ ಮೊದಲೇ ನೋಡಿ ಬರೆದಿಡುವುದನ್ನು ರೂಢಿ ಮಾಡಿಕೊಂಡೆ.

ನಿಯಮಗಳೇ ಬದಲಾದ ಕಾಲವೂ ಅದೇ. 2021ರ ಜೂನ್‌ನಲ್ಲಿ ನಗರದ 2040ರ ಯೋಜನೆ 6-5 ಮತದಲ್ಲಿ ಪಾಸಾಯಿತು. ಒಂದೇ ಒಂದು ಮತದ ಅಂತರ! ಒಂಟಿ ಮನೆಗಳಿಗೆ ಮೀಸಲಾಗಿದ್ದ ಜಾಗದಲ್ಲಿ ಎರಡು-ಮೂರು ಮನೆ ಸೇರಿಸಿ ಕಟ್ಟಬಹುದು ಅನ್ನುವುದೇ ಜಗಳದ ಮೂಲ. ಅದನ್ನು ಜಾರಿಗೆ ತರುವ ಹೊಸ ನಿಯಮಾವಳಿ 2023ರ ಜೂನ್ 1ರಿಂದ ಬಂತು. ನಮ್ಮ ಕನ್ನಡದವರೂ ಎರಡು ಭಾಗ ಆದರು. ಸ್ವಂತ ಮನೆ ಇದ್ದವರು ಬೇಡ ಅಂದರು, ಬಾಡಿಗೆಯವರು ಬೇಕು ಅಂದರು. ಯುಗಾದಿ ಊಟದ ಪಂಕ್ತಿಯಲ್ಲೂ ಅದೇ ಚರ್ಚೆ. ನನ್ನ ಅಭಿಪ್ರಾಯ ಕೇಳಿದರೆ, ಬೆಂಗಳೂರಿನಲ್ಲಿ ಮೂವತ್ತು ನಲವತ್ತರ ಸೈಟಿನಲ್ಲಿ ಕೆಳಗೆ ಮೇಲೆ ಎರಡು ಮನೆ ಕಟ್ಟಿ ಬಾಡಿಗೆಗೆ ಕೊಟ್ಟವರು, ಇಲ್ಲಿ ಎರಡು ಮನೆ ಅಂದ ಕೂಡಲೇ ಊರು ಕೆಟ್ಟಿತು ಅನ್ನುವುದು ತಮಾಷೆಯೇ.

ಪತ್ರದಲ್ಲಿ ಜನ ಹೆಚ್ಚು ಓದುವುದು "ಮೊದ್ಲು ಏನಿತ್ತು" ಭಾಗವನ್ನು. ಅದಕ್ಕೆ ಹಳೆ ಫೋಟೋ, ಹಳೆ ಡೈರೆಕ್ಟರಿ ಎಲ್ಲ ಬೇಕಾಗುತ್ತವೆ. ಲೈಬ್ರರಿಯಲ್ಲಿ ಊರಿನ ಹಳೆ ದಾಖಲೆ ಇಡುವ ವಿಭಾಗ ಕೆರೊಲಿನಾ ರೂಮ್‌ನವರು ಈ ವಿಷಯದಲ್ಲಿ ಪುಣ್ಯಾತ್ಮರು. ಮೊದಲು ಬರೆದಿದ್ದು ನೋಡಾ (NoDa) ಅನ್ನುವ ಬಡಾವಣೆ ಕಡೆಯ ಹೈಲ್ಯಾಂಡ್ ಪಾರ್ಕ್ ಗಿರಣಿಯ ಬಗ್ಗೆ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಕಟ್ಟಿದ ಬಟ್ಟೆ ಮಿಲ್ಲು, 1969ರಲ್ಲಿ ಮುಚ್ಚಿತು, ಈಗ ಅಪಾರ್ಟ್‌ಮೆಂಟ್. ಅಪ್ಪಾಜಿಗೆ ವಿಡಿಯೋ ಕಾಲ್‌ನಲ್ಲಿ ಆ ಇಟ್ಟಿಗೆ ಗೋಡೆ ತೋರಿಸಿದೆ. ದಾವಣಗೆರೆಯ ಹತ್ತಿ ಮಿಲ್ಲುಗಳ ಸೈರನ್ ಕೇಳಿ ಸ್ಕೂಲಿಗೆ ಹೊರಟವರು ಅವರು. ಸ್ವಲ್ಪ ಹೊತ್ತು ನೋಡಿ, "ಕಿಟಕಿ ದೊಡ್ಡವು ಐದಾವು ನೋಡು, ನೂಲು ಕಾಣಬೇಕಲ್ಲ" ಅಂದರು. ಬಾಡಿಗೆ ಜಾಹೀರಾತಿನಲ್ಲಿ ಅದೇ ಕಿಟಕಿಯನ್ನು "ಬೆಳಕು ತುಂಬಿದ ಲಾಫ್ಟ್" ಅಂತ ಹಾಕಿರುತ್ತಾರೆ.

ಈಸ್ಟ್‌ಲ್ಯಾಂಡ್ ಮಾಲಿನ ಕಥೆ ಬರೆದಾಗ ತುಂಬ ಫೋನು ಬಂದವು. 1975ರಲ್ಲಿ ಶುರುವಾದ ಮಾಲು, ಒಳಗೆ ಐಸ್ ಸ್ಕೇಟಿಂಗ್ ಅಂಗಳ. 2010ಕ್ಕೆ ಬಾಗಿಲು ಹಾಕಿತು. 2012ರಲ್ಲಿ ನಗರವೇ ಕೊಂಡು ಮುಂದಿನ ವರ್ಷ ಕೆಡವಿತು. ಆಮೇಲೆ ವರ್ಷಗಟ್ಟಲೆ ಯೋಜನೆ ಬಂದವು, ಹೋದವು. ಆ ಖಾಲಿ ಪಾರ್ಕಿಂಗ್ ಜಾಗದಲ್ಲಿ ವಾರದ ಸಂತೆ ಬೆಳೆಯಿತು. ಹೆಚ್ಚಿನವರು ಹೊರದೇಶದಿಂದ ಬಂದ ವ್ಯಾಪಾರಿಗಳು. 2022ರಲ್ಲಿ ಹೊಸ ಬಡಾವಣೆಗೆ ಗುದ್ದಲಿ ಪೂಜೆ ಆಗುವ ಹೊತ್ತಿಗೆ ಸಂತೆ ಎತ್ತಿಯಾಗಿತ್ತು. ಮಾಲು ಹೋದದ್ದಕ್ಕೆ ಅತ್ತವರು ಬಹಳ. ಸಂತೆ ಹೋದದ್ದು ಕೆಲವರಿಗಷ್ಟೇ ತಟ್ಟಿತು.

ಆದರೆ ನನ್ನ ನಿದ್ದೆ ಕೆಡಿಸಿದ್ದು ಬ್ರೂಕ್ಲಿನ್. ನ್ಯೂಯಾರ್ಕಿನದಲ್ಲ, ಶಾರ್ಲೆಟ್‌ನದು. ಅಪ್‌ಟೌನ್‌ನ ಸೆಕೆಂಡ್ ವಾರ್ಡ್‌ನಲ್ಲಿದ್ದ ಕಪ್ಪು ಜನರ ಕೇರಿ. ಚರ್ಚು, ಅಂಗಡಿ, ಹೈಸ್ಕೂಲು ಎಲ್ಲ ಇದ್ದ ತುಂಬಿದ ಕೇರಿ. 1960ರ ದಶಕದಲ್ಲಿ ನಗರ ನವೀಕರಣದ ಹೆಸರಲ್ಲಿ ಕೆಡವಿದರು. ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದು ಹೋಗಬೇಕಾಯಿತು. ಹೈಸ್ಕೂಲು 1969ರಲ್ಲಿ ಮುಚ್ಚಿತು. ಇದೇ ಊರು 1930ರ ದಶಕದಲ್ಲಿ ಹಳೆ ಟಂಕಸಾಲೆಯನ್ನು ಕೆಡವಲು ಹೊರಟಾಗ ಜನ ದುಡ್ಡು ಹಾಕಿ, ಅದರ ಕಲ್ಲುಗಳನ್ನೇ ಸಾಗಿಸಿ ಬೇರೆ ಕಡೆ ಕಟ್ಟಿ, 1936ರಲ್ಲಿ ಮ್ಯೂಸಿಯಂ ಮಾಡಿದರು. ಕಟ್ಟಡ ಹೊತ್ತುಕೊಂಡು ಹೋದ ಊರಿಗೆ ಕೇರಿ ಉಳಿಸಲು ಆಗಲಿಲ್ಲ. ನಾವು ಈಗ ಹಿಯರಿಂಗ್‌ಗೆ ಹೋಗುವ ಸರ್ಕಾರಿ ಕಟ್ಟಡ ಇರುವುದೂ ಅದೇ ಸೆಕೆಂಡ್ ವಾರ್ಡ್‌ನಲ್ಲಿ. ಗೊತ್ತಾದಮೇಲೆ ಅಲ್ಲಿನ ಲಿಫ್ಟ್ ಹತ್ತುವಾಗ ಒಂಥರಾ ಆಗುತ್ತದೆ.

ಊರಿನ ಲಾಂಛನ ಕಿರೀಟ, ಮೂರನೇ ಜಾರ್ಜ್ ದೊರೆಯ ಹೆಂಡತಿ ಶಾರ್ಲೆಟ್ ಹೆಸರಿನ ಊರಲ್ವಾ. ಆದರೆ ಪೊಲೀಸರ ಬ್ಯಾಡ್ಜಿನಲ್ಲಿ ಕಡಜದ ಗೂಡಿದೆ. 1780ರಲ್ಲಿ ಬ್ರಿಟಿಷ್ ಸೇನೆಗೆ ಇಲ್ಲಿ ಎಷ್ಟು ಕಾಟ ಆಯಿತೆಂದರೆ, ಕಾರ್ನ್‌ವಾಲಿಸ್ ಈ ಊರನ್ನು ಕಡಜದ ಗೂಡು ಅಂದನಂತೆ. ಹೌದು, ಅದೇ ಕಾರ್ನ್‌ವಾಲಿಸ್. 1791ರಲ್ಲಿ ಬೆಂಗಳೂರು ಕೋಟೆ ಹಿಡಿದು, ಮರುವರ್ಷ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಳಾಗಿ ಒಯ್ದವನು. ಇದನ್ನು ಪತ್ರದಲ್ಲಿ ಹಾಕಿದ ತಿಂಗಳು, ಯಾವತ್ತೂ ಉತ್ತರಿಸದ ಹನ್ನೆರಡು ಮನೆಯವರು ಉತ್ತರ ಬರೆದರು.

ಇನ್ನು ಹಿಯರಿಂಗ್. ರೀಝೋನಿಂಗ್ ಹಿಯರಿಂಗ್ ತಿಂಗಳ ಮೂರನೇ ಸೋಮವಾರ ಸಂಜೆ. ಆ ವಾಕಿಂಗ್ ದಾರಿಯ ಪಾಳು ಜಾಗಕ್ಕೆ 2022ರಲ್ಲಿ ಹೊಸದಾಗಿ ಅರ್ಜಿ ಬಿತ್ತು. ಮೊದಲು ಬಿಲ್ಡರ್ ಕಡೆಯವರು ಅಕ್ಕಪಕ್ಕದವರ ಸಭೆ ಕರೆದರು. ಬಂದವರು ಎಂಟು ಜನ. ವಕೀಲರು ಸ್ಲೈಡ್ ತೋರಿಸಿದರು. ನಮಗೆ ಬೇಕಿದ್ದದ್ದು ಒಂದೇ. ಬಸ್ ಸ್ಟಾಪಿನ ತನಕ ಫುಟ್‌ಪಾತ್. ಬೇಸಿಗೆಯಲ್ಲಿ ಊರಿಂದ ಬರುವ ಅಪ್ಪ ಅಮ್ಮಂದಿರು ಆ ರಸ್ತೆಯ ಹುಲ್ಲಿನ ಅಂಚಿನಲ್ಲಿ ನಡೆಯುವುದನ್ನು ನೋಡಿದರೆ ಎದೆ ಹೊಡೆದುಕೊಳ್ಳುತ್ತದೆ. ವಕೀಲರು "ಬರೆದುಕೊಂಡಿದ್ದೇವೆ" ಅಂದರು. ಪರಿಷ್ಕರಿಸಿದ ನಕ್ಷೆ ಬಂದಾಗ ಸಣ್ಣಕ್ಷರ ಓದಿದೆ. ಇರಲಿಲ್ಲ.

ಅದಕ್ಕೇ ಹಿಯರಿಂಗ್‌ನಲ್ಲಿ ಮಾತಾಡಲು ಹೆಸರು ಕೊಟ್ಟೆ. ವಿರೋಧ ಇದ್ದರೆ ಎರಡೂ ಕಡೆಗೆ ಹತ್ತತ್ತು ನಿಮಿಷ. ಕಟ್ಟಡವೇ ಬೇಡ ಅನ್ನುವ ಇನ್ನಿಬ್ಬರ ಜೊತೆ ಹಂಚಿಕೊಂಡು ನನಗೆ ಸಿಕ್ಕಿದ್ದು ಎರಡು ನಿಮಿಷ. ನಾನು ಕಟ್ಟಡದ ವಿರೋಧಿಯಲ್ಲ, ಆದರೂ ಆ ಸಾಲಿನಲ್ಲೇ ಕೂರಬೇಕಾಯಿತು. ಮನೆಯಲ್ಲಿ ಕನ್ನಡಿ ಮುಂದೆ ನಿಂತು ಒಂದು ನಿಮಿಷ ನಲವತ್ತು ಸೆಕೆಂಡಿಗೆ ಇಳಿಸಿದ್ದೆ. ಮೈಕ್ ಮುಂದೆ ಹೋದಾಗ ಮೊದಲ ವಾಕ್ಯ ಮರೆತುಹೋಯಿತು. ಫೋಟೋ ಎತ್ತಿ ತೋರಿಸಿದೆ. ಅಪ್ಪಾಜಿ, ಬಿಳಿ ಪಂಚೆ, ತಲೆಗೆ ಟೊಪ್ಪಿಗೆ, ಪಕ್ಕದಲ್ಲೇ ಹಾದುಹೋಗುತ್ತಿರುವ ಟ್ರಕ್. "ಇವರಿಗೆ ಎಪ್ಪತ್ತೊಂದು ವರ್ಷ. ಬಸ್ ಹಿಡಿಯಲು ಹೋಗುತ್ತಿದ್ದಾರೆ" ಅಂದೆ. ಆಮೇಲೆ ಮಾತು ತಾನಾಗಿ ಬಂತು.

ಮುಂದೆ ಝೋನಿಂಗ್ ಕಮಿಟಿ, ಅದಾದಮೇಲೆ ಕೌನ್ಸಿಲ್ ಮತ. ಪಾಸಾಯಿತು. ಕೊನೆಯ ನಕ್ಷೆಯಲ್ಲಿ ಒಂದು ಸಾಲು ಸೇರಿತ್ತು: ರಸ್ತೆ ಬದಿಗೆ ಎಂಟು ಅಡಿ ಗಿಡದ ಪಟ್ಟಿ, ಎಂಟು ಅಡಿ ಫುಟ್‌ಪಾತ್, ಜಾಗದ ಪೂರ್ತಿ ಉದ್ದಕ್ಕೆ. ಪೂರ್ತಿ ಉದ್ದಕ್ಕೆ ಅಂದರೆ ಅವರ ಜಾಗ ಮುಗಿಯುವ ತನಕ. ಬಸ್ ಸ್ಟಾಪ್ ಇರುವುದು ಅದರಾಚೆ.

2024ರಲ್ಲಿ ಅಪ್ಪಾಜಿ ಮತ್ತೆ ಬಂದರು. ಜೆಟ್‌ಲ್ಯಾಗ್ ಕಳೆಯುವ ಮೊದಲೇ ಫುಟ್‌ಪಾತ್ ನೋಡಲು ಹೊರಟರು. ಹೊಸ ಕಾಂಕ್ರೀಟು, ನೆಟ್ಟಗೆ ಹೋಗಿ ಒಂದು ಕಡೆ ಚಾಕುವಿನಲ್ಲಿ ಕೊಯ್ದ ಹಾಗೆ ನಿಂತುಬಿಟ್ಟಿದೆ. ಆಮೇಲೆ ಹುಲ್ಲು. ಅಪ್ಪಾಜಿ ಹುಲ್ಲಿಗೆ ಇಳಿದು ಹೆಜ್ಜೆ ಎಣಿಸುತ್ತಾ ಬಸ್ ಸ್ಟಾಪಿಗೆ ಹೋದರು. ವಾಪಸ್ ಬಂದು ಡೈರಿಯಲ್ಲಿ ಬರೆದುಕೊಂಡರು: 214.

"ಈ ತುಂಡು ಯಾರದು? ಪಹಣಿ ತೆಗಿ."

ಫೋನಿನಲ್ಲೇ ತೆಗೆದೆ. ಒಬ್ಬರದಲ್ಲ, ಒಂದೇ ಮನೆತನದ ನಾಲ್ಕು ಹೆಸರು. ಬಹುಶಃ ಅಣ್ಣತಮ್ಮಂದಿರು, ಜಂಟಿಯಾಗಿ.

ಅಪ್ಪಾಜಿ ಜೋರಾಗಿ ನಕ್ಕರು. "ಹಂಗಾದ್ರೆ ಇನ್ನೂ ಟೈಮ್ ಐತಿ ಬಿಡವ್ವಾ. ನಡಿ, ಬಸ್ ಬರೋ ಹೊತ್ತಾತು."